ಬೀಗರು ನೆಕ್ಕಿ ನೋಡಿದ ಎಂಜಿನ್ ಎಣ್ಣೆ

ಕಲಬುರಗಿಯ ಗಂಜ್ ಪೇಟೆಯಲ್ಲಿ ಎಣ್ಣೆಕಾಳಿನ ವ್ಯಾಪಾರ ಮಾಡುವ ಕಲ್ಯಾಣಪ್ಪ ಸಾಹುಕಾರರು ತಮ್ಮ ಜೀವಮಾನದಲ್ಲಿ ಬಿದ್ದದ್ದು ಎರಡೇ ಸಲ. ಮೊದಲನೆಯ ಸಲ ತೊಟ್ಟಿಲಿನಿಂದ. ಅದನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಎರಡನೆಯ ಸಲ ತಮ್ಮದೇ ಅಂಗಳದಲ್ಲಿ, ಮಟಮಟ ಮಧ್ಯಾಹ್ನ, ಹೊಸ ಧೋತರ ಉಟ್ಟುಕೊಂಡು, ಮಗಳ ಭಾವೀ ಮಾವನ ಎದುರಿಗೆ!

ಬಿದ್ದದ್ದು ತಮ್ಮ ಮೋಟಾರಿನ ಪಕ್ಕದಲ್ಲಿ. ನಿಜಾಮರ ರಾಜ್ಯದಲ್ಲಿ ಆಗ ಮೋಟಾರು ಇಟ್ಟವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಆ ಬೆರಳುಗಳಲ್ಲಿ ತಮ್ಮದೂ ಒಂದಿರಲೆಂದು ಕಲ್ಯಾಣಪ್ಪನವರು ಒಬ್ಬ ಜಾಗೀರದಾರರ ಗಾಡಿಖಾನೆಯಿಂದ ಮೇಲ್ಮುಚ್ಚಿಗೆಯಿಲ್ಲದ ಆ ವಾಹನವನ್ನು ಕೊಂಡು ತಂದಿದ್ದರು. ಅದಕ್ಕೆ ಹದಿನಾಲ್ಕು ವರ್ಷ ತುಂಬಿತ್ತು. ಎಷ್ಟು ಮೈಲು ಓಡಿದೆಯೆಂದು ತೋರಿಸುವ ಅಂಕಿಗಳು ಒಂಬತ್ತು ಒಂಬತ್ತು ಆಗಿ ತೀರಿಹೋಗಿ, ಮತ್ತೆ ಸೊನ್ನೆಗೆ ಬಂದು ಎರಡನೆಯ ಸಂಸಾರ ಹೂಡಿದ್ದವು. ಅಂಕಿಯನ್ನು ನಂಬಿದರೆ ಮೋಟಾರು ಇನ್ನೂ ಹಾಲುಗೂಸು. ಸದ್ದನ್ನು ನಂಬಿದರೆ ಗೂರಲು ಹಿಡಿದ ಮುದುಕ. ನಿಂತ ನಿಂತಲ್ಲಿ ಹೊಟ್ಟೆಯ ಕೆಳಗಿನಿಂದ ಕರ್ರಗಿನ ಎಣ್ಣೆಯನ್ನು ತೊಟತೊಟ ಸುರಿಸುವ ಚಟ ಬೇರೆ.

ಮೋಟಾರಿನ ಜೊತೆಗೆ ಅದರ ಡ್ರೈವರನೂ ಬಂದಿದ್ದ. ಊರಿನ ರೋಜಾ ಓಣಿಯ ಇಮಾಮುದ್ದೀನ್. ಐವತ್ತು ದಾಟಿದವನು, ಕೇಳಿದರೆ ಮಾತ್ರ ಮಾತಾಡುವವನು. ಮಾತಾಡುವಾಗ ಮುಖದ ಒಂದು ಗೆರೆಯೂ ಅಲುಗದವನು.

ಕಮಲಾಪುರದ ಸಾಯಬಣ್ಣ ಗೌಡರು ಕಲ್ಯಾಣಪ್ಪನವರ ಮಗಳು ಸೂಗಮ್ಮನನ್ನು ತಮ್ಮ ಮಗ ಮಲ್ಲಣ್ಣನಿಗೆ ಕೇಳಲು ಬಂದಿದ್ದರು. ಮಾತುಕತೆ ಮುಗಿದಿತ್ತು. ಎದ್ದು ಹೊರಟಿದ್ದರು. ಸುಮ್ಮನೆ ಕಳಿಸಿಕೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೋಟಾರು ತೋರಿಸದೆ ಕಳಿಸುವುದುಂಟೇ? "ಬರ್ರಿ ಗೌಡ್ರ, ನಮ್ಮ ಸವಾರಿ ನೋಡ್ರಿ" ಎಂದು ಕೈ ಬೀಸಿ ಎರಡು ಹೆಜ್ಜೆ ಇಟ್ಟರು ನೋಡಿ, ಮೂರನೆಯದು ಎಣ್ಣೆಯ ಮೇಲೆ ಬಿತ್ತು. ಸಾಹುಕಾರರು ಮಡುವಿನ ನಡುವೆ ಪದ್ಮಾಸನ ಹಾಕಿದರು! ನಾಲ್ಕು ಹನಿ ಸಿಡಿದು ಸಾಯಬಣ್ಣನವರ ಹಾಲಿನಂಥ ಅಂಗಿಯ ಮೇಲೆ ಕುಳಿತವು.

"ಏನ್ರೀ ಇದು?" ಎಂದರು ಸಾಯಬಣ್ಣನವರು.

ಬಿದ್ದವರು ಎದ್ದ ಮೇಲೆ ಮಾತಾಡಬೇಕು. ಕಲ್ಯಾಣಪ್ಪನವರಿಗೆ ಅಷ್ಟು ತಾಳ್ಮೆ ಎಲ್ಲಿ? ಕುಳಿತಲ್ಲಿಂದಲೇ ಮೀಸೆ ಮುಟ್ಟಿಕೊಂಡರು. "ವಿಲಾಯತಿ ಎಣ್ಣಿರೀ ಗೌಡ್ರ! ಖಾಸ್ ಲಂಡನ್ ಮಾಲು! ಸುಮ್ಮಸುಮ್ಮನ ಯಾರ ಮ್ಯಾಲೂ ಸಿಡಿಯಂಗಿಲ್ಲ!"

ಪಕ್ಕದಲ್ಲಿದ್ದ ಇಮಾಮುದ್ದೀನ್ ಆಕಾಶ ನೋಡಿದ.

ಸಾಯಬಣ್ಣನವರು ಅಂಗಿಯ ಕಲೆಯನ್ನು ಮೂಸಿದರು. "ವಿಲಾಯತಿ ಮಂದಿ ಎಲ್ಲಾದ್ರಾಗೂ ಚರಬಿ ಬೆರಸ್ತಾರಂತ ಕೇಳೀನಿ. ಇದ್ರಾಗ ಯಾವ ಪ್ರಾಣಿದು ಅದ?"

ಕಲ್ಯಾಣಪ್ಪನವರು ಧೋತರದ ಅಂಚಿನಿಂದ ಕೈಯ ಎಣ್ಣೆ ಒರೆಸತೊಡಗಿದರು.

"ನೋಡ್ರಿ ಸಾಹುಕಾರ್ರ, ನಮ್ಮವ್ವಗ ತೊಂಬತ್ತು ವರ್ಷ. ಎದ್ದು ಓಡಾಡಂಗಿಲ್ಲ. ಹುಡುಗಿ ಉಡಿ ತನ್ನ ಕೈಲೇ ತುಂಬಬೇಕಂತ ಹಟ ಹಿಡದಾಳ. ಅದಕ್ಕ ನಿಶ್ಚಯ ನಮ್ಮ ಮನ್ಯಾಗ ಇಟಗೊಂಡೀವಿ. ಚರಬಿ ಕುಡದ ಗಾಡಿ ಬಾಗಲಿಗೆ ಬಂದು ನಿಂತದಂತ ಗೊತ್ತಾದ್ರ ಅಕಿ ಆವತ್ತಿಂದ ಅನ್ನ ಮುಟ್ಟಂಗಿಲ್ಲ. ನೀವು ಬರೋದು ಮೋಟಾರಿನ್ಯಾಗ ಬರ್ರಿ. ಆದ್ರ ಎಣ್ಣಿ ಶುದ್ಧ ಅದನೋ ಇಲ್ಲೋ ನಾನ ನೋಡ್ತೀನಿ. ಇಲ್ಲಂದ್ರ ಸಂಬಂಧ ಮುಂದ ವಿಚಾರ ಮಾಡಬೇಕಾಗ್ತದ."

ಹೀಗೆಂದು ಗೌಡರು ಎತ್ತಿನ ಗಾಡಿ ಹತ್ತಿದರು. ಕಲ್ಯಾಣಪ್ಪನವರ ಹೆಂಡತಿ ನೀಲಗಂಗಮ್ಮ ಬಾಗಿಲ ಮರೆಯಿಂದ ಹೊರಗೆ ಬಂದರು.

"ಎದ್ದೇಳ್ರಿ, ಎಣ್ಣಿ ಆರಿಹೋಗ್ತದ."

"ಕಾಲು ಜಾರ್ತು ಗಂಗಾ."

"ಕಾಲು ಇವತ್ತ ಜಾರ್ಯದ. ನಾಲಿಗಿ ದಿನಾ ಜಾರ್ತದ. ಆಳಂದದವರು ಬಂದಾಗ ನಮ್ಮ ಆಕಳಾ ಇಪ್ಪತ್ತು ಸೇರು ಹಿಂಡ್ತದ ಅಂದ್ರಿ. ಹಂಗಾದ್ರ ಹಾಲು ಕುಡದ ಹೋಗ್ತೀವಂತ ಅವರು ಸಂಜೀತನಕ ಕುಂತರು. ಸೇಡಂದವರ ಮುಂದ ಹುಡುಗಿಗೆ ಪಾರ್ಸಿ ಬರ್ತದ ಅಂದ್ರಿ. ಅವರು ಮುನ್ಶಿನ್ನ ಕರಕೊಂಡ ಬಂದರು! ಎರಡು ಸಂಬಂಧ ನಿಮ್ಮ ಬಾಯಾಗ ಹೋದವು. ಮಲ್ಲಣ್ಣ ಬಂಗಾರದಂಥ ಹುಡುಗ. ಸೂಗಿಗೂ ಮನಸಾಗ್ಯದ. ಇದೊಂದು ಹೋತಂದ್ರ ನಾ ತೌರಿಗೆ ಹೋಗ್ತೀನಿ ನೋಡ್ರಿ. ಮೋಟಾರಿನ್ಯಾಗಲ್ಲ, ನಾ ಮುಟ್ಟಬೇಕು!"

"ಹುಚ್ಚಿ!" ಎಂದು ಕಲ್ಯಾಣಪ್ಪನವರು ಎದ್ದು ನಿಂತರು. ಧೋತರದ ಹಿಂಭಾಗ ಅಮಾವಾಸ್ಯೆಯಾಗಿತ್ತು. ಮುಂಭಾಗದಲ್ಲಿ ಮಾತ್ರ ಪೂರ್ಣ ತೇಜಸ್ಸು. "ಮೂವತ್ತು ವರ್ಷ ಆತು ಎಣ್ಣಿಕಾಳಿನ ವ್ಯಾಪಾರ ಮಾಡ್ಲಾಕತ್ತು. ಕಣ್ಣು ಕಟ್ಟಿ ಚೀಲದಾಗ ಕೈ ಇಟ್ರ ಶರಣಸಿರಸಗಿ ಕುಸುಬಿ ಯಾವುದು, ಮಹಾಗಾಂವದ್ದು ಯಾವುದು ಹೇಳ್ತೀನಿ. ಒಂದು ಮೋಟಾರಿಗೆ ಎಣ್ಣಿ ಆರಸೋದು ನನಗ ಯಾರು ಕಲಸಬೇಕು? ಗೌಡ್ರು ಬೆರಳು ಅದ್ದಿ ನೆಕ್ಕಬೇಕು, ಅಂಥ ಎಣ್ಣಿ ಹಾಕ್ತೀನಿ!"

ಅಲ್ಲಿಂದ ಹದಿನೈದು ದಿನ ಆ ಮನೆಯಲ್ಲಿ ಮದುವೆಯ ಮಾತಿಗಿಂತ ಎಣ್ಣೆಯ ಮಾತೇ ಹೆಚ್ಚಾಯಿತು.

ಮೊದಲು ಹೈದರಾಬಾದಿನಿಂದ ಒಂದು ಡಬ್ಬಿ ಬಂತು. ಮೇಲೆಲ್ಲ ಇಂಗ್ಲಿಷ್ ಅಕ್ಷರ. ಓದಲಿಕ್ಕೆ ಶಾಲೆಯ ರಾಮಣ್ಣ ಮಾಸ್ತರರನ್ನು ಕರೆಸಿದರು. ಮಾಸ್ತರರು ಕನ್ನಡಕ ಒರೆಸಿ, ಡಬ್ಬಿಯನ್ನು ಮೂರು ಸುತ್ತು ತಿರುಗಿಸಿ, "ಶುದ್ಧ ಖನಿಜ ತೈಲ ಅಂತ ಬರದಾರ್ರಿ. ಭೂಮಿಯೊಳಗಿಂದ ತೆಗದದ್ದು. ಚರಬಿ ಗಿರಬಿ ಏನೂ ಇಲ್ಲ" ಎಂದರು.

ಕಲ್ಯಾಣಪ್ಪನವರು ಕುಣಿಯುವುದೊಂದು ಬಾಕಿ. ಮಾಸ್ತರರು ಅಲ್ಲಿಗೆ ನಿಲ್ಲಿಸಿ ಚಹಾ ಕುಡಿದು ಹೋಗಬಹುದಿತ್ತು. ಆದರೆ ಅರ್ಧ ಪಾಠಕ್ಕೆ ನಿಲ್ಲಿಸಿ ಎದ್ದು ಹೋದ ಮಾಸ್ತರರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

"ಆದ್ರ ಭೂಮಿಯೊಳಗ ಅದು ಹೆಂಗ ಬಂತು ಅನ್ನೋದು ಭಾಳ ಮಜಾ ಅದರಿ ಸಾಹುಕಾರ್ರ! ಕೋಟಿ ಕೋಟಿ ವರ್ಷದ ಹಿಂದ ಸಮುದ್ರದಾಗಿನ ಜೀವಜಂತುಗಳೆಲ್ಲಾ ಸತ್ತು, ಕೆಳಗ ಹೂತು, ಕೊಳತು..."

ಒಳಗಿನಿಂದ ನೀಲಗಂಗಮ್ಮನವರ ದನಿ ಬಂತು: "ಮಾಸ್ತರ, ಅಂದ್ರ ಅದು ಹೆಣದ ಎಣ್ಣಿ?"

"ಒಂಥರಾ ಹಂಗ ಅನಬಹುದರಿ ತಾಯಿ."

"ಕೇಳಿದ್ರೇನ್ರೀ? ಒಂದು ಪ್ರಾಣಿ ಚರಬಿ ಬ್ಯಾಡಂದ್ರ ನೀವು ಇಡೀ ಸಮುದ್ರದ್ದು ತಂದೀರಿ!"

ಡಬ್ಬಿ ಅಂದೇ ಮನೆ ಬಿಟ್ಟಿತು. ಮಾಸ್ತರರು ಅದನ್ನು ಒಯ್ದು ಶಾಲೆಯ ಬಾಗಿಲಿನ ತಿರುಗುಣಿಗಳಿಗೆ ಹಚ್ಚಿದರಂತೆ. ಅಲ್ಲಿಂದಾಚೆ ಹುಡುಗರು ಸದ್ದಿಲ್ಲದೆ ಓಡಿಹೋಗತೊಡಗಿದರು ಎಂದು ಕೇಳಿದ್ದೇವೆ.

ಇನ್ನು ಉಳಿದದ್ದು ಬೀಜದ ಎಣ್ಣೆ. ಪಡಸಾಲೆಯಲ್ಲಿ ಐದು ಹಿತ್ತಾಳೆ ಬಟ್ಟಲು ಸಾಲಾಗಿ ಕುಳಿತವು: ಎಳ್ಳು, ಶೇಂಗಾ, ಅಗಸೆ, ಔಡಲ, ಕುಸುಬಿ. ಕಲ್ಯಾಣಪ್ಪನವರು ಸ್ವಯಂವರಕ್ಕೆ ಬಂದ ರಾಜಕುಮಾರಿಯ ಗತ್ತಿನಲ್ಲಿ ಒಂದೊಂದರ ಮುಂದೆಯೂ ನಿಂತರು. ಅಂಗೈಗೆ ಹಚ್ಚಿದರು, ಮೂಸಿದರು, ನಾಲಗೆಗೆ ಸೋಕಿಸಿದರು. ಆಮೇಲೆ ಇಮಾಮುದ್ದೀನನನ್ನು ಕರೆದರು.

"ಏನಪಾ, ಈ ಗಾಡಿಗೆ ಎಂಥಾ ಎಣ್ಣಿ ಹೊಂದ್ತದ?"

"ಮುದಿ ಎಂಜಿನ್ ಮಾಲಿಕ್. ಭಾಳ ಓಡ್ಯದ. ಒಳಗ ಎಲ್ಲಾ ಸವದು ಸಂದು ಬಿಟ್ಟದ. ತೆಳ್ಳನ್ನದು ಹಾಕಿದ್ರ ನಿಲ್ಲಂಗಿಲ್ಲ. ದಪ್ಪನ್ನದು ಬೇಕು. ಔಡಲೆಣ್ಣಿ ಹಾಕ್ರಿ."

"ಔಡಲ!" ಕಲ್ಯಾಣಪ್ಪನವರು ಬಟ್ಟಲನ್ನು ಕಾಲಿನಿಂದ ಅತ್ತ ಸರಿಸಿದರು. "ಬಂಡಿ ಅಚ್ಚಿಗೆ ಬಳಿಯೋ ಎಣ್ಣಿ ಮೋಟಾರಿಗೆ ಹಾಕಿದ್ರ ಅದು ಮೋಟಾರ್ ಹೆಂಗಾಗ್ತದ? ಅದೂ ಅಲ್ದ, ಔಡಲೆಣ್ಣಿ ಅಂದ್ರ ಜುಲಾಬು. ಮೊದಲ ಇದಕ್ಕ ಹಗಲೆಲ್ಲಾ ಸೋರೋ ರೋಗ. ಮ್ಯಾಲ ಜುಲಾಬು ಕೊಟ್ರ ಕಮಲಾಪುರ ಮುಟ್ಟತದೇನು?"

"ಮಾಲಿಕರ ಮರ್ಜಿ" ಎಂದ ಇಮಾಮುದ್ದೀನ್.

ಎಳ್ಳೆಣ್ಣೆ ಶನಿದೇವರದ್ದು, ಶುಭಕಾರ್ಯಕ್ಕೆ ಬೇಡ. ಶೇಂಗಾ ಎಣ್ಣೆ ನೊರೆ ಕಾರುತ್ತದೆ. ಅಗಸೆಯದು ಕಹಿ; ನೆಕ್ಕಿದರೆ ಬೀಗರ ಮುಖ ಕೆಡುತ್ತದೆ. ಉಳಿದದ್ದು ಕುಸುಬಿ! ದಿನಾ ಒಗ್ಗರಣೆಗೆ ಬೀಳುವುದು, ಹಬ್ಬಕ್ಕೆ ಹೋಳಿಗೆಯ ಜೊತೆ ಭಜಿ ಕರಿಯುವುದು, ತಮ್ಮ ಸ್ವಂತ ಗಾಣದ್ದು. ಕಲ್ಯಾಣಪ್ಪನವರು ಕುಸುಬಿಯ ಕೊರಳಿಗೆ ಮಾಲೆ ಹಾಕಿದರು.

"ಭಾಳ ತೆಳ್ಳಗ ಆಗ್ತದ ಮಾಲಿಕ್."

"ದಪ್ಪ ಮಾಡಿದ್ರ ಆತು! ಪಾಯಸಾ ತೆಳ್ಳಗಾದ್ರ ಏನ್ ಮಾಡ್ತಾರ? ಕುದಸ್ತಾರ!"

ನಿಶ್ಚಯದ ಹಿಂದಿನ ದಿನ ಮುಂಜಾನೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಐನೂರು ಜನರ ಅಡುಗೆಯ ಕಡಾಯಿ ಇಟ್ಟು, ಕುಸುಬಿ ಎಣ್ಣೆ ಸುರಿದು ಬೆಂಕಿ ಹಾಕಿದರು. ಹೊತ್ತು ಮುಳುಗುವವರೆಗೂ ಕುದಿಯಿತು. ಸಾಹುಕಾರರು ಸ್ವತಃ ಸೌಟು ಹಿಡಿದು ನಿಂತರು. ಎಣ್ಣೆ ಹೊನ್ನಿನಿಂದ ಜೇನಾಯಿತು, ಜೇನಿನಿಂದ ಕಾಕಂಬಿಯಾಯಿತು. ಇಮಾಮುದ್ದೀನ್ ಹತ್ತಿರ ಬಂದು ಬಗ್ಗಿ ನೋಡಿದ.

"ನಮ್ಮ ಚಾಚಾನೂ ಹಿಂಗ ಕುದಸ್ತಿದ್ರು ಮಾಲಿಕ್. ರೋಜಾದಾಗ, ಇಡೀ ದಿನ..."

"ಕೇಳಿದಿಯೇನು ಗಂಗಾ?" ಕಲ್ಯಾಣಪ್ಪನವರು ಸೌಟನ್ನು ವಿಜಯಧ್ವಜದಂತೆ ಎತ್ತಿದರು. "ಅವರ ಮನಿತನದಾಗೂ ಹಿಂಗ ಕುದಸ್ತಾರಂತ! ಇದು ಖಾನದಾನಿ ವಿದ್ಯಾ!"

ಅರ್ಧಕ್ಕೆ ನಿಂತ ಮಾತನ್ನು ಇಮಾಮುದ್ದೀನ್ ನುಂಗಿಕೊಂಡು ಗೋಡೆಗೆ ಒರಗಿದ.

ಮೋಟಾರಿನ ಹಳೆಯ ಎಣ್ಣೆಯನ್ನೆಲ್ಲ ಬಸಿದು ಚೆಲ್ಲಿದರು. ಒಳಗನ್ನು ಹಸಿ ಕುಸುಬಿ ಎಣ್ಣೆಯಿಂದ ಮೂರು ಸಲ ತೊಳೆದು ಶುದ್ಧಿ ಮಾಡಿದರು. ಆಮೇಲೆ ಕುದಿಸಿದ್ದನ್ನು ಬಿಸಿಬಿಸಿಯಾಗಿ ಸುರಿದರು. ಎಂಜಿನ್ನಿಗೆ ಸುರಿದದ್ದು ಸಾಲದೆಂದು ಗೇರಿನ ಪೆಟ್ಟಿಗೆಗೆ, ಕ್ಲಚ್ಚಿಗೆ, ಗಾಲಿಗಳಿಗೆ, ಎಲ್ಲೆಲ್ಲಿ ತೂತು ಕಂಡಿತೋ ಅಲ್ಲಿಗೆಲ್ಲ. ಗೌಡರು ಎಲ್ಲಿ ಬೆರಳು ಹಾಕುತ್ತಾರೋ ಯಾರಿಗೆ ಗೊತ್ತು? ಹಾರ್ನಿನ ಬಾಯಿಗೂ ಒಂದು ಚಮಚ ಬಿತ್ತು.

ಮರುದಿನ ಬೆಳಿಗ್ಗೆ ಬಿಸಿನೀರು ಸುರಿದು, ಮೋಟಾರಿನ ಹೊಟ್ಟೆಯ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬೆಚ್ಚಗೆ ಮಾಡಿ, ಅಂತೂ ಎಂಜಿನ್ನನ್ನು ಎಬ್ಬಿಸಿದರು. ಮುಂದೆ ಇಮಾಮುದ್ದೀನ್ ಮತ್ತು ಜರಿ ರುಮಾಲಿನ ಕಲ್ಯಾಣಪ್ಪನವರು. ಹಿಂದೆ ನೀಲಗಂಗಮ್ಮ, ಸೂಗಮ್ಮ, ಹಣ್ಣುಕಾಯಿಯ ಬುಟ್ಟಿಗಳು. ಉಡಿ ತುಂಬುವ ತನಕ ಹೆಣ್ಣಿನ ಕಡೆಯವರು ಏನೂ ತಿನ್ನಬಾರದೆಂದು ಮನೆಯ ಕಟ್ಟಳೆ. ಹೀಗಾಗಿ ಎಲ್ಲರದೂ ಬರಿಹೊಟ್ಟೆ.

ಒಂದು ಸಂಗತಿ ಒಪ್ಪಲೇಬೇಕು. ಮೋಟಾರು ಅಷ್ಟು ಮೆತ್ತಗೆ ಎಂದೂ ಓಡಿರಲಿಲ್ಲ! ಗೂರಲು ಮಾಯ. ಖಟಖಟ ಮಾಯ. ಕಲ್ಯಾಣಪ್ಪನವರು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ ನೋಟದಲ್ಲಿ ಮೂವತ್ತು ವರ್ಷದ ಸಂಸಾರದ ಎಲ್ಲ ವಾದಗಳಿಗೂ ಉತ್ತರವಿತ್ತು.

ಕಮಲಾಪುರಕ್ಕೆ ಎಂಟು ಹರದಾರಿ, ಅಂದರೆ ಇಪ್ಪತ್ತನಾಲ್ಕು ಮೈಲು. ಊರು ದಾಟಿ ಎಂಜಿನ್ ಕಾದಂತೆ ವಾಸನೆ ಶುರುವಾಯಿತು. ಸವೆದ ಎಂಜಿನ್ ಎಣ್ಣೆಯನ್ನು ಸುಡುತ್ತಿತ್ತು; ಸುಟ್ಟದ್ದು ನೀಲಿ ಹೊಗೆಯಾಗಿ ಹಿಂದೆ ಹೊರಡುತ್ತಿತ್ತು. ಆ ಹೊಗೆಯಲ್ಲಿ ಭಜಿ ಇತ್ತು! ಈರುಳ್ಳಿ ಭಜಿ, ಮೆಣಸಿನಕಾಯಿ ಭಜಿ, ಹಬ್ಬದ ದಿನ ಮಧ್ಯಾಹ್ನ ಹನ್ನೆರಡರ ಅಡುಗೆಮನೆ, ಎಲ್ಲವೂ ಗಾಳಿಯಲ್ಲಿ ಬರುತ್ತಿತ್ತು.

"ಅಪ್ಪಾ, ಹಸಿವಾಗ್ಯದ" ಎಂದಳು ಸೂಗಮ್ಮ.

"ಸುಮ್ಮ ಕುಂಡ್ರವಾ" ಎಂದರು ನೀಲಗಂಗಮ್ಮ. "ನಿಮ್ಮಪ್ಪ ಕರೀಲಾಕತ್ತಾರ. ಮೊದಲನೇ ಘಾಣ ಭಜಿ ಇಳೀಲಿ."

ಹೊಲದಲ್ಲಿ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಮೂಗು ಅರಳಿಸಿದರು. ನಾಯಿಗಳು ಬೆನ್ನು ಹತ್ತಿದವು. ಸಾಮಾನ್ಯವಾಗಿ ನಾಯಿ ಮೋಟಾರನ್ನು ಬೊಗಳುತ್ತಾ ಅಟ್ಟುತ್ತದೆ. ಇವು ಬಾಲ ಅಲ್ಲಾಡಿಸುತ್ತಾ ಬಂದವು. ಮಹಾಗಾಂವದಲ್ಲಿ ಒಬ್ಬ ಮುದುಕಿ ರಸ್ತೆಯ ನಡುವೆಯೇ ನಿಂತು ಕೈ ಅಡ್ಡ ಹಿಡಿದಳು.

"ಯಪ್ಪಾ, ಬಿಸಿ ಅವ ಏನು? ನಾಕು ಕೊಡು."

"ಇದು ಮೋಟಾರ್ ಅದ ಆಯಿ!"

"ಇರಲಿ ಬಿಡು. ಮೋಟಾರಿಂದ ಹೆಂಗ ಇರ್ತಾವ ನೋಡೇಬಿಡ್ತೀನಿ" ಎಂದು ಮುದುಕಿ ಸೆರಗು ಒಡ್ಡಿದಳು. ಬುಟ್ಟಿಯಿಂದ ಎರಡು ಬಾಳೆಹಣ್ಣು ಕೊಟ್ಟ ಮೇಲೆಯೇ ದಾರಿ ಸಿಕ್ಕಿತು. "ಕರದದ್ದು ಮುಗದಾವಂತ ಬಾಯಿ ಬಿಟ್ಟು ಹೇಳಬಾರದೇನು!" ಎಂದು ಅವಳು ಬೈಯುವುದು ಬಹಳ ದೂರದವರೆಗೆ ಕೇಳುತ್ತಿತ್ತು.

ಕಮಲಾಪುರದಲ್ಲಿ ಸಾಯಬಣ್ಣ ಗೌಡರ ಮನೆ ಒಂದು ಇಕ್ಕಟ್ಟಿನ ಓಣಿಯಲ್ಲಿತ್ತು. ಮೋಟಾರು ಹೊಕ್ಕರೆ ಅತ್ತ ಒಂದು ಗೇಣು, ಇತ್ತ ಒಂದು ಗೇಣು. ಕಳ್ಳರ ಭಯಕ್ಕೆ ಹಿರಿಯರು ಹಿತ್ತಲ ಬಾಗಿಲನ್ನು ಮುಚ್ಚಿಸಿದ್ದರಿಂದ, ಒಳಗೆ ಹೋಗಲೂ ಹೊರಗೆ ಬರಲೂ ಓಣಿಯ ಕಡೆಗಿನ ದೊಡ್ಡ ಬಾಗಿಲೊಂದೇ. ಅದರ ಆಚೆ, ಓಣಿಯಲ್ಲೇ, ಗೌಡರು, ಊರ ಹಿರಿಯರು, ಶಾಸ್ತ್ರ ಮಾಡಿಸುವ ಅಯ್ಯನವರು ಸಾಲಾಗಿ ನಿಂತಿದ್ದರು. ಇಮಾಮುದ್ದೀನ್ ಹಾರ್ನ್ ಒತ್ತಿದ. ಅದು 'ಪುಳಕ್' ಎಂದು ಒಂದು ಹನಿ ಉಗುಳಿತು. ಮೋಟಾರಿನ ಬಾಗಿಲು ಮನೆಯ ಬಾಗಿಲಿಗೆ ಸರಿಯಾಗಿ, ದಾರ ಹಿಡಿದು ಅಳೆದಂತೆ, ನಿಂತಿತು. ಕಲ್ಯಾಣಪ್ಪನವರ ಕಣ್ಣಲ್ಲಿ ನೀರು ಬಂತು. ಅರ್ಧ ಅಭಿಮಾನ, ಅರ್ಧ ಹೊಗೆ.

"ಎಣ್ಣಿ ತೋರಸ್ರಿ" ಎಂದರು ಸಾಯಬಣ್ಣನವರು. ಬನ್ನಿ ಇಲ್ಲ, ಕುಳಿತುಕೊಳ್ಳಿ ಇಲ್ಲ.

ಇಮಾಮುದ್ದೀನ್ ಎಂಜಿನ್ ನಿಲ್ಲಿಸಿ, ಗಾಜು ದಾಟಿ ಮುಂದೆ ಇಳಿದು, ಎಣ್ಣೆ ಅಳೆಯುವ ಸಲಾಕಿಯನ್ನು ಎಳೆದ. ಎಣ್ಣೆ ಎಳೆಎಳೆಯಾಗಿ ಜೊತೆಗೆ ಬಂತು. ಗೌಡರು ಬೆರಳಿಗೆ ತೆಗೆದುಕೊಂಡರು, ಊದಿ ಆರಿಸಿದರು, ನಾಲಗೆಯ ತುದಿಗೆ ಇಟ್ಟರು. ನೀಲಗಂಗಮ್ಮ ಮಗಳ ಕೈ ಗಟ್ಟಿಯಾಗಿ ಹಿಡಿದರು.

"ಕುಸುಬಿ" ಎಂದರು ಗೌಡರು. ಇನ್ನೊಂದು ಸಲ ಚಪ್ಪರಿಸಿದರು. "ಖರೇ ಕುಸುಬಿ. ಸ್ವಲ್ಪ ಸೀದದ. ಒಳಗ ನಡೀರಿ ಬೀಗರ!"

ಬೀಗರು! ಆ ಮಾತು ಕಿವಿಗೆ ಬಿದ್ದದ್ದೇ ತಡ, ಹೆಣ್ಣಿನ ಕಡೆಯವರು ಮೋಟಾರಿನಿಂದ ಇಳಿದು ನೇರ ಹೊಸ್ತಿಲು ದಾಟಿ ಒಳಗೆ ಹೋದರು. ಕಲ್ಯಾಣಪ್ಪನವರು ಮಾತ್ರ ಬಾಗಿಲಲ್ಲೇ ನಿಂತು ಊರ ಹಿರಿಯರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕುಸುಬಿಯ ಮಹಾತ್ಮೆಯನ್ನು ವಿವರಿಸಿದರು. ಔಡಲ ಏಕಲ್ಲ, ಎಳ್ಳು ಏಕಲ್ಲ, ಕುದಿಸಿದ್ದು ಎಷ್ಟು ಹೊತ್ತು, ಸೌಟು ಹಿಡಿದದ್ದು ಯಾರು. ಒಂದು ಗಳಿಗೆಯ ಮೇಲಾಯಿತು. ಎಂಜಿನ್ ತಣ್ಣಗಾಯಿತು.

"ಮೋಟಾರ್ ಸ್ವಲ್ಪ ಮುಂದ ತಗೋರಿ. ನಾವೂ ಒಳಗ ಬರಬೇಕಲ್ಲ" ಎಂದರು ಸಾಯಬಣ್ಣನವರು.

ಇಮಾಮುದ್ದೀನ್ ಹ್ಯಾಂಡಲ್ ಹಾಕಿ ತಿರುಗಿಸಿದ. ಅಲುಗಲಿಲ್ಲ. ಮಾಲಿಕರ ಮುಖ ನೋಡಿದ. ಮತ್ತೆ ತಿರುಗಿಸಿದ. ಊರಿನ ಇಬ್ಬರು ಪೈಲ್ವಾನರು ತೊಡೆ ತಟ್ಟಿ ಬಂದು ಕೈ ಹಾಕಿದರು. ಹ್ಯಾಂಡಲ್ ಡೊಂಕಾಯಿತು, ಎಂಜಿನ್ ಅಲುಗಲಿಲ್ಲ. ಗೇರು ಬಿಡಿಸಿ ತಳ್ಳೋಣವೆಂದರೆ ಗೇರಿನ ಕೋಲು ಗೋಡೆಗೆ ಹೊಡೆದ ಗೂಟವಾಗಿತ್ತು. ಕ್ಲಚ್ಚು ತುಳಿದರೆ ಬಂಡೆ ತುಳಿದಂತೆ. ಬೆಳಿಗ್ಗೆಯಂತೆ ಹೊಟ್ಟೆಯ ಕೆಳಗೆ ಕೆಂಡ ಇಟ್ಟರೂ ಕರಗಲಿಲ್ಲ. ಮುಂದಿನಿಂದ ಎರಡು ಜೊತೆ ಎತ್ತು ಕಟ್ಟಿ ಹೊಡೆದರು. ಹಗ್ಗ ಹರಿದು ಎತ್ತುಗಳಷ್ಟೇ ಮುಂದೆ ಹೋದವು.

ಹೆಣ್ಣಿನ ಕಡೆಯವರು ಒಳಗೆ, ಮನೆಯ ಯಜಮಾನ ಹೊರಗೆ! ಮುಹೂರ್ತಕ್ಕೆ ಉಳಿದದ್ದು ಒಂದು ಗಳಿಗೆ.

"ಏನಾಗ್ಯದೋ ಇದಕ್ಕ?" ಎಂದು ಕಲ್ಯಾಣಪ್ಪನವರು ಕೂಗಿದರು.

ಇಮಾಮುದ್ದೀನ್ ಸಲಾಕಿಯನ್ನು ಎಳೆಯಲು ನೋಡಿದ. ಬರಲಿಲ್ಲ. "ರೋಗನ್ ಆಗ್ಯದ ಮಾಲಿಕ್."

"ಹಂಗಂದ್ರ?"

"ಕುಸುಬಿ ಎಣ್ಣಿ ದಿನಪೂರ್ತಿ ಕುದಿಸಿ ಆರಬಿಟ್ರ ರೋಗನ್ ಆಗ್ತದ. ಅಂಟು. ಬಾವಿ ನೀರು ಎತ್ತೋ ತೊಗಲಿನ ಚೀಲ ಹರದ್ರ ನಮ್ಮ ಚಾಚಾ ಅದನ್ನ ಹಚ್ಚತಿದ್ರು. ಒಡದ ಚೀನಿ ಬಟ್ಟಲಾನೂ ಅಂಟಸ್ತಿದ್ರು. ಈ ಕ್ಲಚ್ಚಿನ್ಯಾಗೂ ತೊಗಲ ಅದ. ಛಲೋ ಹಿಡದದ."

"ನಿನ್ನೆ ಯಾಕ ಹೇಳಲಿಲ್ಲ?"

"ಹೇಳ್ಲಾಕತ್ತಿದ್ದೆ. ನೀವು ಖಾನದಾನಿ ವಿದ್ಯಾ ಅಂದ್ರಿ."

ಕಲ್ಯಾಣಪ್ಪನವರು ಹಣೆ ಒತ್ತಿಕೊಂಡರು. ತಡವಾಗಿ ಒಂದು ಬುದ್ಧಿವಂತ ಪ್ರಶ್ನೆ ಹೊಳೆಯಿತು. "ಹೌದು, ಜಾಗೀರದಾರರ ಮನ್ಯಾಗ ಇದಕ್ಕ ಯಾವ ಎಣ್ಣಿ ಹಾಕ್ತಿದ್ರೋ?"

"ಔಡಲೆಣ್ಣಿ ಮಾಲಿಕ್. ಹದಿನಾಕು ವರ್ಷ."

"ಹಂಗಾದ್ರ ನಮ್ಮ ಅಂಗಳದಾಗ ನಾ ಬಿದ್ದದ್ದು?"

"ಔಡಲೆಣ್ಣಿ ಮ್ಯಾಲ."

"ಖಾಸ್ ಲಂಡನ್ ಮಾಲು ಅಂದಾಗ ನೀ ಯಾಕ ಬಾಯಿ ಬಿಡಲಿಲ್ಲ?"

"ಮಾಲಿಕರು ಬಿದ್ದಿದ್ರಿ. ನಾ ನಿಂತಿದ್ದೆ. ಬಿದ್ದವರಿಗೆ ಸುಳ್ಳಾಡಬ್ಯಾಡ್ರಿ ಅಂತ ಹೆಂಗ ಹೇಳ್ಲಿ?"

ಅಂದರೆ, ಬಾಯಿ ಮುಚ್ಚಿಕೊಂಡು ಬಿದ್ದಿದ್ದರೆ ಸಾಕಿತ್ತು! ಚರಬಿಯ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಸಮುದ್ರ ತರಿಸಬೇಕಾಗಿರಲಿಲ್ಲ, ಕಡಾಯಿ ಇಡಬೇಕಾಗಿರಲಿಲ್ಲ. ಕಲ್ಯಾಣಪ್ಪನವರು ತಲೆ ಎತ್ತಿದರು. ಮೋಟಾರಿನ ಮೂತಿಯ ಆಚೆ ಸಾಯಬಣ್ಣ ಗೌಡರು ನಿಂತಿದ್ದರು. ಒಂದು ಅಕ್ಷರವೂ ತಪ್ಪದೆ ಕೇಳಿಸಿಕೊಂಡಿದ್ದರು. ಬೈದಿದ್ದರೆ ಜೀವಕ್ಕೆ ಸಮಾಧಾನವಾಗುತ್ತಿತ್ತು.

ಗೌಡರು ಒಂದು ಕಂಬಳಿ ತರಿಸಿದರು. ಮೋಟಾರಿನ ಮೂತಿಯ ಮೇಲೆ ಹಾಸಿದರು. ಧೋತರ ಎತ್ತಿ ಕಟ್ಟಿದರು. ಅರವತ್ತರ ಆ ಹಿರಿಯರು ಮೂತಿ ಹತ್ತಿ, ಗಾಜು ದಾಟಿ, ಸೀಟಿನ ಮೇಲೆ ಕಾಲಿಟ್ಟು, ಮೋಟಾರಿನ ಬಾಗಿಲಿನಿಂದ ತಮ್ಮ ಮನೆಯ ಹೊಸ್ತಿಲಿಗೆ ಇಳಿದರು. ಹಿಂದಿನಿಂದ ಅಯ್ಯನವರು. ಅವರದು ಭಾರೀ ಶರೀರ. ಗಾಜಿನ ಚೌಕಟ್ಟಿನ ಮೇಲೆ ತಕ್ಕಡಿಯ ದಂಡಿಗೆಯಂತೆ ಅರ್ಧ ಅತ್ತ ಅರ್ಧ ಇತ್ತ ತೂಗಿ, ಕೊನೆಗೆ ಮತ್ತೆ ಸೀಟಿಗೆ ಬಂದಿದ್ದ ಇಮಾಮುದ್ದೀನನ ಮಡಿಲಿಗೆ ಬಂದು ಕುಳಿತರು.

"ಆರಾಮ ಕೂಡ್ರಿ ಅಯ್ಯನೋರ, ಗಾಡಿ ಹೊರಡಂಗಿಲ್ಲ" ಎಂದ ಇಮಾಮುದ್ದೀನ್.

ಹೆಣ್ಣಿನ ತಂದೆಯ ಅಂದಿನ ಕೆಲಸ ನಿಶ್ಚಯವಾಯಿತು. ಜರಿ ರುಮಾಲು ಸುತ್ತಿದ ಕಲ್ಯಾಣಪ್ಪನವರು ಮೋಟಾರಿನಲ್ಲಿ ನಿಂತು, ಹತ್ತಿ ಬರುವವರ ಮೊಣಕೈ ಹಿಡಿದು, ಸೊಂಟಕ್ಕೆ ಆನಿಕೆ ಕೊಟ್ಟು, ಒಬ್ಬೊಬ್ಬರನ್ನೇ ಒಳಗೆ ಇಳಿಸಿದರು. ಹಿರಿಯರು ಮುಗಿದರು. ನೆಂಟರು ಮುಗಿದರು. ಆದರೂ ಜನ ಮುಗಿಯಲಿಲ್ಲ! ಗೌಡರ ಮನೆಗೆ ಮೋಟಾರಿನಲ್ಲಿ ಹಾಯ್ದು ಹೋಗಬೇಕಂತೆ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಕರೆಯದವರೂ ಸಾಲು ಹಚ್ಚಿದರು. ಒಳಗೆ ಹೋದವರು ಹೋಳಿಗೆ ಉಂಡು, ಹೊರಗೆ ಬಂದು, ಸಾಲಿನ ಕೊನೆಗೆ ಮತ್ತೆ ನಿಂತರು. ಸಾಯಬಣ್ಣನವರ ಎಮ್ಮೆ ಮೇಯಲು ಹೋಗಬೇಕಾದದ್ದು, ದಾರಿಯಿಲ್ಲದೆ ಪಡಸಾಲೆಯಲ್ಲೇ ನಿಂತು ನಿಶ್ಚಯದ ಶಾಸ್ತ್ರವನ್ನು ಕೊನೆಯತನಕ ನೋಡಿತು.

ಒಳಗೆ ಅಜ್ಜಿ ತನ್ನ ಕೈಯಾರೆ ಸೂಗಮ್ಮನ ಉಡಿ ತುಂಬಿದಳು. ಮೊಮ್ಮಗ ಮಲ್ಲಣ್ಣ ಬಾಗಿಲ ಸಂದಿಯಿಂದ ನೋಡಿ ನಕ್ಕ. ಸೂಗಮ್ಮ ತಲೆ ಬಗ್ಗಿಸಿ ನಕ್ಕಳು. ಕಲ್ಯಾಣಪ್ಪನವರು ಇದಾವುದನ್ನೂ ನೋಡಲಿಲ್ಲ. ಅವರು ಆಗ ಊರ ಕಂಬಾರನ ಹೆಂಡತಿಯ ಅಜ್ಜಿಯನ್ನು ಸೀಟಿನ ಮೇಲೆ ಎತ್ತುತ್ತಿದ್ದರು.

ಮೂರು ಗಂಟೆಗೆ ಹೋಳಿಗೆ ಮುಗಿಯಿತು. ನಾಲ್ಕಕ್ಕೆ ಅನ್ನ ಮುಗಿಯಿತು. ಬೀಗರ ಪಾಲಿಗೆಂದು ತೆಗೆದಿಟ್ಟ ಕೆಂಪು ಬಾಳೆಯ ಗೊನೆಯಲ್ಲಿ ದಿಂಡು ಮಾತ್ರ ಉಳಿಯಿತು. ಹೆಣ್ಣಿನ ತಂದೆ ಬರಿಹೊಟ್ಟೆಯಲ್ಲಿ ನಿಂತೇ ಇದ್ದರು.

"ಗೌಡರು ಏನರ ಅಂದ್ರೇನು?" ಎಂದು ಪಿಸುಮಾತಿನಲ್ಲಿ ಕೇಳಿದರು ಹೆಂಡತಿಯನ್ನು.

"ಏನೂ ಅಂದಿಲ್ಲ. ಮೋಟಾರ್ ಹತ್ತಿ ಇಳದಾಗಿಂದ ಒಂದ ಮಾತೂ ಆಡಿಲ್ಲ" ಎಂದರು ನೀಲಗಂಗಮ್ಮ. ಅವರ ಮುಖ ಬಾಡಿತ್ತು. "ಉಡಿ ತುಂಬಿಸಿಕೊಂಡ ಮ್ಯಾಲ ಮುರದ ಸಂಬಂಧಾನೂ ನಾ ನೋಡೀನಿ. ಹೋಗ್ರಿ, ಕೇಳ್ರಿ. ಈ ಸಲ ದೇವರಾಣಿ, ಎರಡು ಮಾತಿನ್ಯಾಗ ಕೇಳ್ರಿ."

ಗೌಡರು ಮೋಟಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ದಿನಾ ಸಂಜೆ ಕುಳಿತುಕೊಳ್ಳುವ ಕಟ್ಟೆ ಮೋಟಾರಿನ ಹಿಂದೆ ಮುಚ್ಚಿಹೋಗಿತ್ತಲ್ಲ! ಹೋಗುವವರು ಬರುವವರು ಅವರ ಮೊಣಕಾಲು ದಾಟಿಕೊಂಡೇ ಓಡಾಡುತ್ತಿದ್ದರು. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕಲ್ಯಾಣಪ್ಪನವರು ಪಕ್ಕದಲ್ಲಿ ಕುಳಿತರು. ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಸಂಬಂಧ ಉಳಿಯಿತೋ ಮುರಿಯಿತೋ ಎಂದು ನೇರ ಕೇಳುವ ಧೈರ್ಯ ಬರಲಿಲ್ಲ. ಸುತ್ತು ಹಾಕಿ ಕೇಳಿದರು.

"ಗೌಡ್ರ... ಮದುವಿಗೆ ನಿಮ್ಮ ಮಂದೀನ ಕಲಬುರಗಿಗೆ ಕರಕೊಂಡ ಬರ್ಲಿಕ್ಕ ಏನ್ ಕಳಸ್ಲಿರೀ?"

ಸಾಯಬಣ್ಣನವರು ಎಲೆ ಮಡಚಿದರು. ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

"ಏನೂ ಕಳಸಬ್ಯಾಡ್ರಿ."

ಕಲ್ಯಾಣಪ್ಪನವರು ತೊಡೆಯ ಮೇಲಿನ ರುಮಾಲನ್ನು ಮುದ್ದೆ ಮಾಡಿ ಹಿಡಿದರು. ಬಾಗಿಲಲ್ಲಿ ನೀಲಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಗೌಡರು ಮೋಟಾರಿನಿಂದ ಕತ್ತು ಹೊರಗೆ ಚಾಚಿ ಉಗುಳಿ, ಮೊದಲಿನಂತೆ ಕುಳಿತು ಹೇಳಿದರು:

"ಎಂಟು ಹರದಾರಿ ಅಲ್ಲೇನ್ರೀ ಬೀಗರ? ನಾವು ನಡಕೋತನ ಬರ್ತೀವಿ."